ಮೇಲೆ ಹೋಗಿ ತಿರುಗಿ ಬಂದ ಗ್ರಾತ್ಯಾಂ

ನನ್ನ ಅಣ್ಣ ಗ್ರಾತ್ಯಾಂ ಲಾನೂಸ್‌ಗೆ ಚಿಕ್ಕಂದಿನಲ್ಲಿ ಆಕಾಶದ ಹುಚ್ಚೇನೂ ಇರಲಿಲ್ಲ. ಅವನು ಅಂತರಿಕ್ಷಕ್ಕೆ ಹೋಗಿ ಬಂದ ಮೇಲೆ ಮನೆಗೆ ಬರುತ್ತಿದ್ದ ಪತ್ರಿಕೆಯವರು ಅಮ್ಮನ ಬಾಯಿಂದ ಅಂಥದೊಂದು ಮಾತು ಹೊರಡಿಸಲು ಬಹಳ ನೋಡಿದರು. ಅಂಗಳದಲ್ಲಿ ಮಲಗಿ ನಕ್ಷತ್ರ ನೋಡುತ್ತಿದ್ದನೇ, ಚಂದ್ರ ಬೇಕೆಂದು ಹಟ ಮಾಡುತ್ತಿದ್ದನೇ ಎಂದು ಕೇಳುವರು. ಅಮ್ಮ ಬಟಾಣಿ ಸುಲಿಯುತ್ತ, "ಅವನಾ? ನಕ್ಷತ್ರ ಮೂಡೋ ಹೊತ್ತಿಗೆ ಗೊರಕೆ ಹೊಡೀತಿದ್ದ," ಎಂದು ಮುಗಿಸಿಬಿಡುತ್ತಿದ್ದಳು.

ಅವನಿಗೆ ಇದ್ದದ್ದು ಬಿಚ್ಚುವ ಹುಚ್ಚು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುವನು. ಚೌಕದಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಲಿಯೋಂತಿನ್‌ಳ ಕಾಫಿ ಬೀಸುವ ಯಂತ್ರವನ್ನು ಒಮ್ಮೆ ಆಕೆ ಚರ್ಚಿಗೆ ಹೋಗಿದ್ದಾಗ ಬಿಚ್ಚಿದ್ದ. ತಿರುಗಿ ಬರುವಷ್ಟರಲ್ಲಿ ಜೋಡಿಸಿಯೂ ಆಗಿತ್ತು. ಆದರೆ ಮೇಜಿನ ಮೇಲೆ ಒಂದು ತಿರುಪು ಉಳಿದಿತ್ತು.

"ಇದೆಲ್ಲಿದೋ?" ಎಂದಳು ಲಿಯೋಂತಿನ್.

"ಅದು ಬೇಕಾಗಿರ್ಲಿಲ್ಲ, ಮದಾಮ್."

ಆಕೆ ಅವನ ಕಿವಿ ಹಿಂಡಿದಳು. ಯಂತ್ರ ಮಾತ್ರ ಮೊದಲಿಗಿಂತ ಸಲೀಸಾಗಿ ತಿರುಗುತ್ತಿತ್ತು. ಅದನ್ನು ಆಕೆ ಇವತ್ತಿಗೂ ಒಪ್ಪಿಕೊಂಡಿಲ್ಲ.

ನಮ್ಮೂರು ಓಸೋ ಕಣಿವೆಯ ಕಾಸ್ತೆತ್. ಅಪ್ಪ ಫಿರ್ಮಾಂ ಕುರಿಗಂಟೆ ಮಾಡುವವನು, ಅವನ ಅಪ್ಪನೂ ಅದನ್ನೇ ಮಾಡಿದವನು. ಕಬ್ಬಿಣದ ತಗಡನ್ನು ಕತ್ತರಿಸಿ ಮಡಿಸಿ, ಹಿತ್ತಾಳೆಯ ಚೂರಿಟ್ಟು, ಹುಲ್ಲು ಕಲಸಿದ ಮಣ್ಣಿನಿಂದ ಮೆತ್ತಿ ಕುಲುಮೆಗೆ ಇಡುವುದು. ಆರಿದ ಮೇಲೆ ಮಣ್ಣು ಒಡೆದು, ಸುತ್ತಿಗೆಯಲ್ಲಿ ಬಡಿಬಡಿದು ದನಿ ಕೂಡಿಸುವುದು. ಬೇಸಗೆಯಲ್ಲಿ ಮಂದೆಗಳು ಬೆಟ್ಟ ಹತ್ತುವ ಮುಂಚೆ ಕುರಿಗಾರರು ಬಂದು ಒಂದೊಂದನ್ನೂ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿ ಆರಿಸಿಕೊಳ್ಳುತ್ತಿದ್ದರು. ಗ್ರಾತ್ಯಾಂ ಸುತ್ತಿಗೆ ಎತ್ತುವಷ್ಟು ಬೆಳೆದಾಗಿನಿಂದ ಶಾಲೆ ಬಿಟ್ಟೊಡನೆ ಅಲ್ಲೇ ಇರುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಅಪ್ಪನಿಗೆ ಆಗಲೇ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಗಂಟೆಯನ್ನು ದವಡೆಗೆ ಒತ್ತಿ ಹಿಡಿದು ದನಿ ತಿಳಿಯುತ್ತಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುವವರೇ. ಹೊಸಬರು ಬಂದರೆ ಇಲ್ಲಿ ಏನೋ ಜಗಳ ನಡೆದಿದೆ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಗ್ರಾತ್ಯಾಂ ಚೆನ್ನಾಗಿ ಓದಿದ. ತೂಲೂಜ್‌ನಲ್ಲಿ ಎಂಜಿನಿಯರ್ ಆಗಿ, ಕೆಳಗೆ ಬಯಲಿನ ಹೆಲಿಕಾಪ್ಟರ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಬ್ಲಾಂದಿನ್ ಎಂಬ ಶಾಲೆಯ ಲೆಕ್ಕದ ಮೇಡಮ್ಮನನ್ನು ಮದುವೆಯಾದ. ಅಲ್ಲಿಗೆ ಅವನ ಕತೆ ನಮ್ಮ ಕಣಿವೆಯ ಇತರ ಜಾಣ ಹುಡುಗರ ಕತೆಯಂತೆಯೇ ಸಾಗಬೇಕಿತ್ತು. ಆದರೆ ಎಂಬತ್ತರ ದಶಕದಲ್ಲಿ ಒಂದು ದಿನ ಕಾರ್ಖಾನೆಯ ಊಟದ ಮನೆಯಲ್ಲಿ ಯಾರೋ ಪತ್ರಿಕೆ ತೋರಿಸಿದರು. ಗಗನಯಾತ್ರಿಗಳು ಬೇಕಾಗಿದ್ದಾರೆ, ಪೈಲಟ್‌ಗಳಷ್ಟೇ ಅಲ್ಲ, ಎಂಜಿನಿಯರುಗಳೂ ಅರ್ಜಿ ಹಾಕಬಹುದು ಎಂದಿತ್ತು. ಹಾಕಿದ. ನಮಗೆ ಒಂದು ಮಾತೂ ಹೇಳಲಿಲ್ಲ. ಒಂದೊಂದೇ ಮೆಟ್ಟಿಲು ದಾಟಿ, ಬೆರಳೆಣಿಕೆಯಷ್ಟು ಜನ ಉಳಿದಾಗ ಮಾತ್ರ ಅಮ್ಮನಿಗೆ ಫೋನು ಮಾಡಿದ. ಅದಾದ ಎರಡು ವಾರಕ್ಕೆ ಮತ್ತೆ ಫೋನು ಬಂತು.

"ಆಗ್ಲಿಲ್ಲಮ್ಮ."

"ಯಾಕೋ?"

"ಕಿವಿ. ಸಣ್ಣ ದನಿ, ಕೀಚಲು ದನಿ ಕೇಳಿಸ್ತಿಲ್ಲವಂತೆ. ಡಾಕ್ಟರ್ ಬೇಡ ಅಂದ್ರು."

ಅಮ್ಮ ರಿಸೀವರ್ ಇಟ್ಟು, ಅಪ್ಪನಿಗೆ ಕೇಳುವಂತೆ ಅದನ್ನು ಕೂಗಿ ಹೇಳಿದಳು. ಕೂಗಿ ಹೇಳುವ ಮಾತಾಗಿರಲಿಲ್ಲ ಅದು. ಅಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಮರುದಿನ ಕುಲುಮೆ ಹೊತ್ತಿಸಲಿಲ್ಲ. ಬೀದಿಯ ಮಕ್ಕಳು ಎಂದಿನಂತೆ ಬಾಗಿಲಲ್ಲಿ ಇಣುಕಿದಾಗ, "ಹೋಗಿ ಇಲ್ಲಿಂದ, ಈ ಕಡೆ ಸುಳೀಬೇಡಿ," ಎಂದು ಗದರಿ ಓಡಿಸಿದ. ಎಂದೂ ಮಕ್ಕಳನ್ನು ಗದರಿದವನಲ್ಲ.

ಈಸ್ಟರ್ ಹಬ್ಬಕ್ಕೆ ಗ್ರಾತ್ಯಾಂ ಬಂದ. ಊಟದುದ್ದಕ್ಕೂ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ನಾನು ಕಾಫಿ ತೆಗೆದುಕೊಂಡು ಕುಲುಮೆ ಮನೆಗೆ ಹೋದರೆ, ಗ್ರಾತ್ಯಾಂ ಹಳೆಯ ಅಭ್ಯಾಸದಂತೆ ಒಂದು ಗಂಟೆ ಎತ್ತಿಕೊಂಡು ಸುತ್ತಿಗೆಗೆ ಕೈ ಹಾಕಿದ್ದ.

"ಇಡು ಅದನ್ನ," ಎಂದ ಅಪ್ಪ.

"ಯಾಕೆ?"

"ಇಡು ಅಂದ್ನಲ್ಲ. ನಿನ್ನ ಕಿವಿ ತಿಂದದ್ದು ಅದೇ. ಅದಲ್ಲ, ನಾನು ತಿಂದೆ."

ಗ್ರಾತ್ಯಾಂ ಬೆಂಚಿನ ಮೇಲೆ ಕೂತ. "ಅಪ್ಪ, ಅಲ್ಲಿ ನಮಗೊಂದು ಪರೀಕ್ಷೆ ಇಟ್ಟಿದ್ರು. ಒಂದು ಪೆಟ್ಟಿಗೆ, ಒಳಗೇನಿದೆ ಅಂತ ಕಾಣಲ್ಲ. ದಪ್ಪ ಕೈಗವಸು ಹಾಕ್ಕೊಂಡು ಕೈ ತೂರ್ಸಿ ಬಿಚ್ಚಿ ಜೋಡಿಸ್ಬೇಕು. ಆ ಪೈಲಟ್‌ಗಳೆಲ್ಲ ಬೆವರ್ತಾ ಇದ್ರು. ಮೊದಲು ಮುಗಿಸ್ದೋನು ನಾನು. ಅದನ್ನ ಎಲ್ಲಿ ಕಲ್ತೆ ಹೇಳು?"

"ಏನಂದೆ? ಜೋರಾಗಿ ಹೇಳು."

ಮತ್ತೆ ಮೊದಲಿಂದ ಕೂಗಿ ಹೇಳಬೇಕಾಯಿತು. ಬೀದಿಗೆಲ್ಲ ಕೇಳಿಸಿತು.

ಅಪ್ಪ ಸುತ್ತಿಗೆ ಎತ್ತಿ ಬದಿಗಿಟ್ಟ. "ಲಿಯೋಂತಿನ್ ಕಾಫಿ ಯಂತ್ರದಲ್ಲಿ," ಎಂದ.

ಇಬ್ಬರೂ ನಕ್ಕರು. ನಾನೂ ನಕ್ಕೆ, ಕಾಫಿ ಚೆಲ್ಲಿತು. ಅಪ್ಪ ಒಳಗೆ ಹೋಗಿ ಅಮ್ಮನ ಔಷಧದ ಡಬ್ಬಿಯಿಂದ ಹತ್ತಿ ತಂದು, "ಮೊದ್ಲು ಇದನ್ನ ತುರುಕ್ಕೋ, ಆಮೇಲೆ ಬಡಿ," ಎಂದು ಸುತ್ತಿಗೆ ಅವನ ಕೈಗೇ ಕೊಟ್ಟ. ನನಗೂ ಒಂದು ಉಂಡೆ ಕೊಟ್ಟ. ಮುಂದೊಂದು ದಿನ ಕುಲುಮೆ ನನ್ನ ಪಾಲಿಗೆ ಬಂದಿತು. ನನ್ನ ಕಿವಿ ಇವತ್ತಿಗೂ ಚೆನ್ನಾಗಿರುವುದು ಆ ಹತ್ತಿಯಿಂದ.

ಬೇಡವೆಂದವರೇ ಸ್ವಲ್ಪ ದಿನಕ್ಕೆ ಗ್ರಾತ್ಯಾಂನನ್ನು ಕರೆದರು. ಅಂತರಿಕ್ಷದಲ್ಲಿ ಕೈಗವಸು ಹಾಕಿಕೊಂಡು ಬಳಸುವ ಸ್ಪಾನರು, ಕೊಂಡಿ, ಚಿಮುಟಗಳನ್ನು ರೂಪಿಸಲು ಜನ ಬೇಕಾಗಿತ್ತು. ಅವನು ಕಾರ್ಖಾನೆ ಬಿಟ್ಟು ತೂಲೂಜ್‌ಗೆ ಮನೆ ಬದಲಿಸಿದ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ತಾನು ಮಾಡಿದ ಸ್ಪಾನರು ಬೇರೆಯವರ ಕೈಯಲ್ಲಿ ಮೇಲೆ ಹೋಗುವುದನ್ನು ಟೀವಿಯಲ್ಲಿ ನೋಡಿ ಖುಷಿಪಡುತ್ತಿದ್ದ. ಹೊಟ್ಟೆಕಿಚ್ಚು ಇರಲಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ. "ಇತ್ತು. ಆದ್ರೆ ಸ್ಪಾನರ್ ಕೆಲಸ ಮಾಡ್ದಾಗ ಅದು ಮರ್ತೋಗ್ತಿತ್ತು," ಎಂದ.

ಅವನಿಗೆ ನಲವತ್ತು ಸಮೀಪಿಸುವಾಗ ಮತ್ತೊಮ್ಮೆ ಆಯ್ಕೆ ನಡೆಯಿತು. ಡಾಕ್ಟರುಗಳ ನಿಯಮ ಅಷ್ಟರಲ್ಲಿ ಸಡಿಲವಾಗಿತ್ತು. ಮಾತೆಲ್ಲ ಕಿವಿಗೆ ಹಾಕುವ ಯಂತ್ರದಲ್ಲೇ ನಡೆಯುವುದರಿಂದ ಕೀಚಲು ದನಿ ಕೇಳದಿದ್ದರೂ ನಡೆದೀತು ಎಂದು ಅವರು ತೀರ್ಮಾನಿಸಿದ್ದರು. ಗ್ರಾತ್ಯಾಂ ವಯಸ್ಸಾಯಿತು ಎಂದು ಗೊಣಗುತ್ತಿದ್ದ. ಬ್ಲಾಂದಿನ್ ಬಿಡಲಿಲ್ಲ.

"ಈ ಸಲ ಹಾಕ್ದಿದ್ರೆ ಸಾಯೋತನಕ ಕಿಟಕಿ ಹತ್ರ ಕೂತು ನಿಟ್ಟುಸಿರು ಬಿಡ್ತೀಯ. ನಂಗೆ ಅಂಥ ಗಂಡ ಬೇಡ. ಮೇಲಾದ್ರೂ ಹೋಗು, ಇಲ್ಲಾ ಪಾತ್ರೆ ತೊಳಿ."

ಈ ಸಲ ತೆಗೆದುಕೊಂಡರು. ಮಾಸ್ಕೋ ಹತ್ತಿರದ ತರಬೇತಿ ಊರಿಗೆ ಹೆಂಡತಿ ಮಕ್ಕಳೊಂದಿಗೆ ಹೋದ. ಗರಗರ ತಿರುಗುವ ಯಂತ್ರದಲ್ಲಿ ಕೂರಿಸಿದರು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು, ಹಿಮದ ಕಾಡಿನಲ್ಲಿ ಬಿಟ್ಟು ಬಂದರು. ಇವೆಲ್ಲಕ್ಕಿಂತ ಅವನನ್ನು ಗೋಳಾಡಿಸಿದ್ದು ರಷ್ಯನ್ ವ್ಯಾಕರಣ. ಮಕ್ಕಳು ಆರು ತಿಂಗಳಲ್ಲಿ ಬೀದಿಯ ಬೈಗುಳ ಸಮೇತ ಕಲಿತುಬಿಟ್ಟರು. ತಮ್ಮಪ್ಪನ ತಪ್ಪು ತಿದ್ದುವುದು ಊಟದ ಹೊತ್ತಿನ ಆಟವಾಯಿತು.

ಮೊದಲ ಸರದಿಯಲ್ಲಿ ಅವನು ಬದಲಿ ಆಳು. ಅಂದರೆ ಎಲ್ಲ ತರಬೇತಿಯೂ ಆಗಬೇಕು, ರಾಕೆಟ್ಟಿನ ಬುಡದವರೆಗೂ ಹೋಗಬೇಕು; ಹೋಗುವವನಿಗೆ ನೆಗಡಿಯೂ ಆಗದಿದ್ದರೆ ಕೈ ಬೀಸಿ ಮನೆಗೆ ಬರಬೇಕು. ಹೋಗಬೇಕಾದ, ಬ್ರೆತಾಂ ಕರಾವಳಿ ಸೀಮೆಯ ಪೈಲಟ್ ಕಲ್ಲುಗುಂಡಿನಂತಿದ್ದ. ಗ್ರಾತ್ಯಾಂ ಕೈ ಬೀಸಿ ಬಂದ, ಹುಲ್ಲು ಕೊಯ್ಯುವ ಹೊತ್ತಿಗೆ ಸರಿಯಾಗಿ ಊರಿಗೆ ಬಂದ.

"ಬಸ್ ತಪ್ಪಿಸ್ಕೊಂಡ್ಯಂತೆ," ಎಂದಳು ಲಿಯೋಂತಿನ್, ಅವನ ಮುಂದೆ ಲೋಟ ಇಡುತ್ತ.

"ತಪ್ಪಿಸ್ಕೊಳ್ಳಲಿಲ್ಲ ಮದಾಮ್, ಸೀಟಿರ್ಲಿಲ್ಲ."

"ಮುಂದಿನ್ದು ಎಷ್ಟು ಹೊತ್ತಿಗೆ?"

"ಮೂರು ವರ್ಷಕ್ಕೆ."

"ಪೋ ಊರಿನ ಬಸ್ಸೇ ವಾಸಿ ಹಾಗಾದ್ರೆ."

ಮೂರು ವರ್ಷಕ್ಕೆ ಸರಿಯಾಗಿ ಅವನ ಬಸ್ಸು ಬಂತು. ರಾಕೆಟ್ಟು ಹಾರಿಸುವ ಕಝಾಕರ ಬಯಲಿಗೆ ಬ್ಲಾಂದಿನ್, ಮಕ್ಕಳು, ಅಮ್ಮ, ನಾನು, ಎಲ್ಲರೂ ಹೊರಟೆವು. ಅಪ್ಪ ಬರುವುದಿಲ್ಲ ಎಂದು ಕೂತಿದ್ದ. ವಿಮಾನ ಹತ್ತಿದವನಲ್ಲ, ಕುರಿಗಾರರ ಕೆಲಸ ಬೇರೆ ಬಾಕಿ ಇತ್ತು. ಹೊರಡುವ ಬೆಳಗ್ಗೆ ನೋಡಿದರೆ ಭಾನುವಾರದ ಕೋಟು, ಬೆರೆ ಟೋಪಿ ಹಾಕಿಕೊಂಡು ಕಾರಿನಲ್ಲಿ ಎಲ್ಲರಿಗಿಂತ ಮೊದಲೇ ಕೂತಿದ್ದಾನೆ.

ನಮ್ಮನ್ನು ದೂರದಲ್ಲಿ ಒಂದು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಸುತ್ತ ಬರೀ ಒಣಹುಲ್ಲಿನ ಬಯಲು, ತಣ್ಣನೆ ಗಾಳಿ. ರಾಕೆಟ್ಟಿನ ಬುಡದಲ್ಲಿ ಬೆಂಕಿ ಕಂಡಿತು. ಸದ್ದು ಇನ್ನೂ ಬಂದಿರಲಿಲ್ಲ. ಆಮೇಲೆ ಬಂತು, ಮೊದಲು ಕಾಲಿಗೆ, ಆಮೇಲೆ ಎದೆಗೆ. ಅಮ್ಮ ಮುಖ ಮುಚ್ಚಿಕೊಂಡಳು. ಬ್ಲಾಂದಿನ್ ಇಬ್ಬರು ಮಕ್ಕಳನ್ನೂ ಉಸಿರು ಕಟ್ಟುವಂತೆ ಹಿಡಿದುಕೊಂಡಿದ್ದಳು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಾಯಿ ತುಸು ತೆರೆದು ನಿಂತಿದ್ದ. ರಾಕೆಟ್ಟು ಚುಕ್ಕೆಯಾಗಿ ಮೋಡದೊಳಗೆ ಹೋದ ಮೇಲೆ ನನ್ನ ಕಡೆ ತಿರುಗಿದ.

"ಮಾಯ್ಲಿಸ್, ಇದು ನಂಗೆ ಕೇಳಿಸ್ತು ಕಣೇ," ಎಂದ.

ಅವನ ಕೆನ್ನೆ ಒದ್ದೆಯಾಗಿತ್ತು. ಗಾಳಿಗೆ ಎಂದ.

ಅಂತರಿಕ್ಷ ನಿಲ್ದಾಣದಲ್ಲಿ ಗ್ರಾತ್ಯಾಂ ಜೊತೆ ಇಬ್ಬರು ರಷ್ಯನ್ನರು. ಮುಖ್ಯಸ್ಥ ರೊಡಿಯೋನ್, ಕರಡಿಯಂಥ ಆಳು, ಅಲ್ಲಿ ಅದು ಎರಡನೇ ಸಲ ಅವನಿಗೆ. ಒಂದು ಶನಿವಾರ ನಮ್ಮೂರಿನ ಪಂಚಾಯಿತಿ ಮನೆಯಲ್ಲಿ ರೇಡಿಯೋ ಜೋಡಿಸಿ ಮಾತಾಡಿಸಿದರು. ಊರೆಲ್ಲ ಸೇರಿತ್ತು. ಶಾಲೆಯ ಮಕ್ಕಳು ಬರೆದು ತಂದ ಪ್ರಶ್ನೆಗಳನ್ನು ಕೇಳಿದರು. ಕೊನೆಗೆ ಅಮ್ಮನ ಕೈಗೆ ಮೈಕು ಬಂತು. ಮೇಯರು ಸಾಹೇಬರು ಏನಾದರೂ ನೆನಪಿಡುವಂಥ ಮಾತು ಬರಲೆಂದು ಕಾಯುತ್ತಿದ್ದರು.

"ಏನು ತಿಂದೆ?" ಎಂದಳು ಅಮ್ಮ.

"ಡಬ್ಬಿ ಮೀನು. ರೊಡಿಯೋನ್ ಒಂದು ಈರುಳ್ಳಿ ಕೊಟ್ಟ."

"ಅಷ್ಟೇನಾ? ನಾನು ಕಳ್ಸಿದ್ದ ಬಾತುಕೋಳಿ ಏನಾಯ್ತು?"

"ಭಾನುವಾರಕ್ಕೆ ಅಂತ ಇಟ್ಟಿದೀವಿ."

"ಅಲ್ಲೂ ಭಾನುವಾರ ಬರುತ್ತಾ?"

"ಬರುತ್ತೆ ಅಮ್ಮ. ನಾಳೆನೇ."

ಅಮ್ಮ ಸಮಾಧಾನದಿಂದ ಮೈಕು ಹಿಂದಕ್ಕೆ ಕೊಟ್ಟಳು. ಅವಳಿಗೆ ಬೇಕಾದ್ದು ತಿಳಿದಾಗಿತ್ತು.

ಅಲ್ಲಿ ನಡೆದ ಇನ್ನೊಂದು ಸಂಗತಿ ನಮಗೆ ಆಗ ಗೊತ್ತಾಗಲಿಲ್ಲ. ಅದನ್ನು ಪೂರ್ತಿಯಾಗಿ ಹೇಳಿದವನು ರೊಡಿಯೋನ್, ಮುಂದೆ ನಮ್ಮ ಮನೆಗೆ ಬಂದಾಗ. ಒಂದು ದಿನ ಗ್ರಾತ್ಯಾಂ ಕೆಲಸ ಮುಗಿಸಿ ನಿಲ್ದಾಣದ ಕೊನೆಯ ಕೋಣೆಯಲ್ಲಿ ಮಲಗುಚೀಲದೊಳಗೆ ಮಲಗಿದ್ದ. ಗಾಳಿ ತಿರುಗಿಸುವ ಒಂದು ಮೋಟರು ಸುಟ್ಟು ಹೊಗೆ ಬಂತು. ಎಚ್ಚರಿಕೆಯ ಸೀಟಿ ಹೊಡೆದುಕೊಂಡಿತು. ಅದು ತೀರ ಕೀಚಲು ಸೀಟಿ. ರೊಡಿಯೋನ್ ಮತ್ತು ಇನ್ನೊಬ್ಬ ಹೊಗೆ ತಡೆಯುವ ಮುಖವಾಡ ಹಾಕಿಕೊಂಡು ಮೋಟರು ನಿಲ್ಲಿಸಿದರು. ಗ್ರಾತ್ಯಾಂ ಬರಲೇ ಇಲ್ಲ. ರೊಡಿಯೋನ್ ಈಜುತ್ತ ಹೋಗಿ ನೋಡಿದರೆ ಇವನು ಮಗುವಿನಂತೆ ನಿದ್ದೆ ಮಾಡುತ್ತಿದ್ದಾನೆ, ತಲೆಯ ಪಕ್ಕದಲ್ಲೇ ಸೀಟಿ ಕಿರುಚುತ್ತಿದೆ. ಕಾಲು ಹಿಡಿದು ಎಳೆದ ಮೇಲೆ ಎದ್ದನಂತೆ.

ಹೊಗೆ ತೆಳುವಾಗಿತ್ತು, ಯಾರಿಗೂ ಏನೂ ಆಗಲಿಲ್ಲ. ರೊಡಿಯೋನ್ ಹೇಳಿದ: "ಕೆಳಗೆ ಇದನ್ನೆಲ್ಲ ಹೇಳ್ಬೇಕಾಗಿಲ್ಲ. ಸುಸ್ತಾಗಿತ್ತು, ಗಾಢ ನಿದ್ದೆ ಬಂದಿತ್ತು ಅಂದ್ರಾಯ್ತು. ಎಲ್ರಿಗೂ ಬರುತ್ತೆ."

ಗ್ರಾತ್ಯಾಂನ ಹೆಸರು ಇನ್ನೊಂದು ಪಯಣಕ್ಕೆ ಆಗಲೇ ನಿಗದಿಯಾಗಿತ್ತು. ಬಾಯಿ ಬಿಟ್ಟರೆ ಅದು ಹೋಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು. ಗ್ರಾತ್ಯಾಂ ಮಲಗುಚೀಲ ಸುತ್ತಿಡುತ್ತ ಹೇಳಿದನಂತೆ: "ನಿದ್ದೆ ಅಲ್ಲ, ರೊಡಿಯೋನ್. ಎಚ್ಚರ ಆದ್ಮೇಲೂ ಆ ಸೀಟಿ ನಂಗೆ ಕೇಳಿಸ್ಲಿಲ್ಲ. ನಾಳೆ ಇದೇ ಥರದ ಕಿವಿ ಇರೋನು ಇನ್ಯಾರೋ ಇಲ್ಲಿ ಮಲಗಿರ್ತಾನೆ. ಅವನ ಕಾಲು ಎಳೆಯೋಕೆ ನೀನಿರಲ್ಲ."

ಕೆಳಗಿನವರಿಗೆ ತಾನೇ ಹೇಳಿದ.

ವಸಂತದಲ್ಲಿ ಭೂಮಿಗೆ ಇಳಿದು, ಡಾಕ್ಟರುಗಳ ಕೈಯಿಂದ ಬಿಡಿಸಿಕೊಂಡು ಊರಿಗೆ ಬಂದಾಗ ತೆಳ್ಳಗಾಗಿದ್ದ. ಗಾರ್ಬೂರ್ ಸಾರು ಎರಡು ತಟ್ಟೆ ಉಂಡ. ಮಾತಿನ ನಡುವೆ ಕಾಫಿ ಬಟ್ಟಲನ್ನು ಗಾಳಿಯಲ್ಲಿ ಬಿಟ್ಟು ಕೈ ತೆಗೆದ. ಅಲ್ಲಿ ಬಿಟ್ಟರೆ ತೇಲುತ್ತಿತ್ತಂತೆ. ಅಮ್ಮ ಚೂರು ಗುಡಿಸುತ್ತ, "ನನ್ನ ಮದುವೆ ಬಟ್ಟಲು," ಎಂದಳು. ಸಂಜೆ ಇನ್ನೊಂದು ಬಿತ್ತು. ಆಮೇಲೆ ತಗಡಿನ ಲೋಟದಲ್ಲೇ ಕೊಟ್ಟಳು. ಊರಿನಲ್ಲಿ ಮಾತ್ರ ಲಿಯೋಂತಿನ್ ಹೊಸ ಮಾತು ಹಬ್ಬಿಸಿದ್ದಳು: "ಮೇಲೆ ಹೋದೋರು ತಿರುಗಿ ಬಂದದ್ದು ನಾನು ನೋಡಿಲ್ಲಪ್ಪ. ಈ ಲಾನೂಸ್ ಮನೆಯೋನನ್ನ ಅಲ್ಲೂ ಇಟ್ಕೊಳ್ಳಲಿಲ್ಲ ನೋಡಿ."

ಬೇಸಗೆ ಮುಗಿಯುವ ಮುಂಚೆ ತೀರ್ಮಾನ ಬಂತು. ಇನ್ನು ಮೇಲೆ ಹೋಗುವ ಹಾಗಿಲ್ಲ. ಅದನ್ನು ಅಪ್ಪನಿಗೆ ಹೇಳುವುದು ಹೇಗೆಂದು ನಾನೂ ಅಮ್ಮನೂ ಒದ್ದಾಡುತ್ತಿದ್ದೆವು. ಗ್ರಾತ್ಯಾಂ ನೇರವಾಗಿ ಒಂದು ಪೆಟ್ಟಿಗೆ ಹೊತ್ತುಕೊಂಡು ಕುಲುಮೆ ಮನೆಗೆ ಹೋದ. ಒಳಗೆ ಗುಂಡಿಗಳು, ತಂತಿಗಳು, ಒಂದು ದೊಡ್ಡ ಸ್ಪೀಕರು.

"ಅಪ್ಪ, ನಿನ್ನ ಕಿವಿ ಬೇಕು."

"ಮುಗ್ದೋಗಿರೋ ಕಿವಿ ತಗೊಂಡು ಏನ್ ಮಾಡ್ತೀಯ?"

"ಅದಕ್ಕೇ ಬೇಕು. ಯಾವ ಸದ್ದಿಗೆ ಇಂಥ ಕಿವಿ ಏಳುತ್ತೆ ಅಂತ ನೋಡ್ಬೇಕು. ಆ ಸೀಟಿ ಬದಲಾಯಿಸೋ ಕೆಲಸ ನಂಗೆ ಕೊಟ್ಟಿದಾರೆ."

ಮಲಗಿದ್ದಾಗ ಸೀಟಿ ಕೇಳಿಸದೇ ಹೋದದ್ದನ್ನೂ ಇನ್ನು ಮೇಲೆ ಹೋಗುವ ಹಾಗಿಲ್ಲ ಎಂಬುದನ್ನೂ ಆಗ ಕೂಗಿ ಹೇಳಿದ. ಅಪ್ಪ ಕೇಳಿದ, ತಲೆ ಆಡಿಸಿದ, ಹೋಗಿ ಕುರ್ಚಿ ತಂದ. ಆ ಇಡೀ ಸುಗ್ಗಿ ಕಾಲ ಮಧ್ಯಾಹ್ನಗಳಲ್ಲಿ ಅಪ್ಪ ಆ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುವನು, ಗ್ರಾತ್ಯಾಂ ಬೆನ್ನ ಹಿಂದೆ ಗುಂಡಿ ಒತ್ತುವನು. ಕೇಳಿಸಿದರೆ ಅಪ್ಪ ಕೈ ಎತ್ತಬೇಕು. ಕಹಳೆಯಂಥ ಸದ್ದು, ಕೋಣ ಕೂಗಿದಂಥ ಸದ್ದು, ಮರ ಕೊಯ್ದಂಥ ಸದ್ದು. ಬೀದಿಯ ನಾಯಿಗಳು ಊರು ಬಿಡುವುದೊಂದು ಬಾಕಿ. ಲಿಯೋಂತಿನ್ ಬಾಗಿಲಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಫಿರ್ಮಾಂ, ನನ್ನ ಗಿರಾಕಿಗಳೆಲ್ಲ ಎದ್ದು ಹೋಗ್ತಿದಾರೆ."

"ಸುಮ್ನಿರು ಲಿಯೋಂತಿನ್," ಎಂದ ಅಪ್ಪ ಗಂಭೀರವಾಗಿ, "ಅಂತರಿಕ್ಷದ ಕೆಲಸ ನಡೀತಿದೆ."

ಕೊನೆಗೆ ಗೆದ್ದದ್ದು ಎರಡು ದನಿ ಸೇರಿದ ಒಂದು ಸದ್ದು, ಒಂದು ತಗ್ಗು, ಇನ್ನೊಂದು ಸ್ವಲ್ಪ ಮೇಲು, ಬಿಟ್ಟು ಬಿಟ್ಟು ಬಡಿಯುವುದು. ಅಪ್ಪ ನಿಜವಾಗಿಯೂ ತೂಕಡಿಸುತ್ತಿದ್ದಾಗ ಅದನ್ನು ಒತ್ತಿದರು. ಪತ್ರಿಕೆ ಚೆಲ್ಲಾಪಿಲ್ಲಿಯಾಗಿ ಎದ್ದು ನಿಂತ. ಮುಂದೆ ಆ ಸದ್ದನ್ನು ಹಳೆಯ ಸೀಟಿಯ ಜೊತೆಗೆ ಸೇರಿಸಿದರು ಎಂದು ಗ್ರಾತ್ಯಾಂ ಹೇಳಿದ. ಅಪ್ಪ ಬದುಕಿರುವವರೆಗೂ ಚೌಕದಲ್ಲಿ ಯಾರಾದರೂ ಮಗನ ಸುದ್ದಿ ತೆಗೆದರೆ, "ನಾವಿಬ್ರೂ ಸೇರಿ ಮಾಡ್ದಾಗ," ಎಂದೇ ಮಾತು ಶುರುಮಾಡುತ್ತಿದ್ದ.

ಮುಂದಿನ ಜೂನ್‌ನಲ್ಲಿ ರೊಡಿಯೋನ್ ಹೆಂಡತಿಯೊಂದಿಗೆ ಬಂದ. ಮಂದೆಯ ಜೊತೆ ಬೆಟ್ಟ ಹತ್ತಿದ. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂತು, ರಾಕೆಟ್ಟಿನಲ್ಲಿ ಹೋಗುವುದೇ ಸುಲಭ ಎಂದ. ಗ್ರಾತ್ಯಾಂ ಅದನ್ನು ನಮಗೆ ತಿಳಿಯುವಂತೆ ಹೇಳಿದ. ಅಪ್ಪ ರೊಡಿಯೋನ್‌ನ ಚೀಲ ಇಸಿದುಕೊಂಡು ತಾನೇ ಹೊತ್ತು ಮುಂದೆ ನಡೆದ. ಆಗ ಅಪ್ಪನಿಗೆ ಎಪ್ಪತ್ತು ದಾಟಿತ್ತು.

ಅಪ್ಪ ಅಮ್ಮ ಇಬ್ಬರೂ ತುಂಬು ವಯಸ್ಸಿನಲ್ಲಿ ಹೋದರು. ಗ್ರಾತ್ಯಾಂ ನಿವೃತ್ತನಾಗಿ ಬ್ಲಾಂದಿನ್ ಜೊತೆ ಊರಿಗೇ ಬಂದ. ನಮ್ಮ ಮನೆಯಿಂದ ಮೂರು ಬಾಗಿಲು ಆಚೆ ಅವನ ಮನೆ. ಭಾಷಣಕ್ಕೆ ಕರೆದರೆ ಹೋಗುತ್ತಾನೆ, ಆದರೆ ಗುರುವಾರ ಬೇಡ ಎನ್ನುತ್ತಾನೆ, ಗುರುವಾರ ಮೊಮ್ಮಗಳನ್ನು ಈಜಿಗೆ ಕರೆದೊಯ್ಯಬೇಕು. ಮತ್ತೊಮ್ಮೆ ಹೋಗಬೇಕಿತ್ತು ಅನ್ನಿಸುವುದಿಲ್ಲವೇ ಎಂದು ಯಾರೋ ಕೇಳಿದಾಗ, "ಅನ್ಸುತ್ತೆ, ಮೋಡ ಇಲ್ಲದ ಬೆಳಗ್ಗೆ. ಕಾಫಿ ಕುಡಿಯೋವರ್ಗೂ ಇರುತ್ತೆ," ಎಂದ. ಹೋದ ಚುನಾವಣೆಯಲ್ಲಿ ಪಂಚಾಯಿತಿಗೆ ನಿಂತು ಗೆದ್ದ. ನೀರು ಮತ್ತು ಚರಂಡಿಯನ್ನು ಅವನಿಗೆ ವಹಿಸಿದ್ದಾರೆ.

ಕಳೆದ ವಾರ ಎಲ್ಲರೂ ನಮ್ಮ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಲಿಯೋಂತಿನ್‌ಗೆ ಈಗ ತೊಂಬತ್ತು ಮೀರಿದೆ, ಕೋಲೂರಿ ಬಂದು ಬಾಗಿಲು ಕುಟ್ಟಿದಳು.

"ಗ್ರಾತ್ಯಾಂ ಇದಾನಾ? ಅಷ್ಟು ಎತ್ತರದಿಂದ ಇಡೀ ಭೂಮಿ ನೋಡಿ ಬಂದ್ಯಂತೆ. ನಮ್ಮನೆ ಹಿಂದಿನ ಮೋರಿ ಕಟ್ಕೊಂಡು ಹತ್ತು ದಿನ ಆಯ್ತು, ಅದು ಕಾಣ್ಸಲ್ವಾ ನಿಂಗೆ?"

"ಊಟ ಮುಗಿಸಿ ಬರ್ತೀನಿ, ಮದಾಮ್."

"ನೀರು ನೀನು ಊಟ ಮಾಡೋತನಕ ನಿಲ್ಲುತ್ತಾ?"

ಗ್ರಾತ್ಯಾಂ ಬಾಯಿ ಒರೆಸಿಕೊಂಡು ಎದ್ದ. ಬ್ಲಾಂದಿನ್ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಅವನು ಬೂಟು ಹಾಕಿಕೊಂಡು, ಉದ್ದನೆಯ ಸಲಾಕೆ ಹೆಗಲಿಗಿಟ್ಟು, ಮುದುಕಿಯ ಕೈ ಹಿಡಿದು ನಡೆಸಿಕೊಂಡು ಇಳಿಜಾರು ಬೀದಿಯಲ್ಲಿ ಹೋದ. ಮಳೆ ಸಣ್ಣಗೆ ಹನಿಯುತ್ತಿತ್ತು. ಮೋರಿಯ ಮುಚ್ಚಳ ಎತ್ತಿ ಬಗ್ಗಿ ನೋಡುತ್ತ ಅವನು ಅಲ್ಲಿಂದಲೇ ನನಗೆ ಕೂಗಿ ಹೇಳಿದ, ಒಂದು ಬಕೆಟ್ ತೆಗೆದುಕೊಂಡು ಬಾ ಎಂದು.